ನೆಂಟ ಬಂದ ದಾರಿ

ಅವಳು ಐದನೆಯ ಸಾಲಿನ ನಡುವಿನಲ್ಲಿದ್ದಳು. ಎಡಗೈಯ ಕೆಳಗೆ ಪುಟ್ಟ ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟು, ಬಲಗೈಯಲ್ಲಿ ಪಿಪೆಟ್ಟು. ಒಂದೊಂದು ಗುಳಿಗೂ ಒಬ್ಬೊಬ್ಬರ ಮೂಗಿನಿಂದ ತೆಗೆದ ಮಾದರಿಯ ಒಂದು ಹನಿ. ಹನಿ ಬಿದ್ದ ಕೂಡಲೇ ಪಿಪೆಟ್ಟಿನ ತುದಿಯನ್ನು ಡಬ್ಬಿಗೆ ಉದುರಿಸಿ ಹೊಸ ತುದಿ ಸಿಕ್ಕಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಯಾರೂ ಅವಳನ್ನು ಮಾತಾಡಿಸುವುದಿಲ್ಲ. ಒಂದು ಗುಳಿ ತಪ್ಪಿತೆಂದರೆ ಒಬ್ಬರ ಕಾಯಿಲೆ ಇನ್ನೊಬ್ಬರ ತಲೆಗೆ ಬರುತ್ತದೆ. ಆಮೇಲೆ ಅದನ್ನು ಸರಿಪಡಿಸುವುದು ಸಿಕ್ಕುಬಿದ್ದ ಉಣ್ಣೆಯ ದಾರವನ್ನು ಬಿಡಿಸಿದ ಹಾಗೆ.

ಹಾಗಿರುವಾಗ ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತು, "ಕೈಲಿರೋದು ಮುಗಿಸಿ ಒಂದ್ನಿಮಿಷ ಬಾಮ್ಮ" ಅಂದರು. ಅಂದವರು ಹೋಗಲಿಲ್ಲ, ಅಲ್ಲೇ ನಿಂತರು. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ. ಸಾಲು ಮುಗಿಸಿ, ಪ್ಲೇಟಿಗೆ ಹಾಳೆ ಅಂಟಿಸಿ, ಕೈಗವಸು ಕಳಚಿ ಹಿಂದೆ ಹೋದಳು.

ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ ಅಡ್ಡ ಮಲಗಿಸಿದ ಮರದಂಥ ಚಿತ್ರವಿತ್ತು. ಆ ಮರ ಅವಳಿಗೆ ಹೊಸದಲ್ಲ. ವೈರಸ್ಸು ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಒಂದೇ ತರಹದ ತಪ್ಪು ಇರುವವೆಲ್ಲ ಒಂದು ರೆಂಬೆ. ಯಾವ ರೆಂಬೆಯೆಂದು ಗೊತ್ತಾದರೆ ಅದು ಯಾವ ಕಡೆಯಿಂದ, ಯಾರ ಬೆನ್ನು ಹತ್ತಿ ಬಂದಿರಬೇಕು ಎಂದು ಊಹಿಸಬಹುದು. ರೆಂಬೆಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಸೇರಿದ ಉದ್ದುದ್ದ ಹೆಸರುಗಳಿದ್ದವು. ನಾಲಿಗೆ ತಿರುಗದೆ ಲ್ಯಾಬಿನ ಹೆಂಗಸರು ತಮ್ಮದೇ ಹೆಸರು ಇಟ್ಟುಕೊಂಡಿದ್ದರು. ಬೆಟ್ಟದ ಊರುಗಳಲ್ಲಿ ಹಬ್ಬಿದ್ದು 'ಬೆಟ್ಟದವ'. ಈಚೆಗೆ ವಿಮಾನ ಇಳಿದು ಬಂದ ಪ್ರಯಾಣಿಕರಲ್ಲಿ ಮಾತ್ರ ಕಂಡದ್ದು 'ನೆಂಟ'. ಆ ನೆಂಟ ಊರೊಳಗೆ ಕಾಲಿಟ್ಟನೋ ಇಲ್ಲವೋ ಎಂದು ಕಾಯುವುದೇ ಈಗ ಎಲ್ಲರ ಕೆಲಸವಾಗಿತ್ತು.

"ಇದು ನಿಮ್ಮತ್ತೆಯ ಮಾದರಿ" ಎಂದು ಡಾಕ್ಟರಮ್ಮ ಒಂದು ಕೆಂಪು ಚುಕ್ಕಿಯ ಮೇಲೆ ಪೆನ್ನಿಟ್ಟರು. "ನೆಂಟ. ಊರೊಳಗೆ ಸಿಕ್ಕಿದ್ದು ಇದೇ ಮೊದಲು."

ಅವಳು ಬಗ್ಗಿ ನೋಡಿದಳು.

"ಮನೆಯಲ್ಲಿ ಯಾರಾದರೂ ವಿಮಾನದಲ್ಲಿ ಬಂದವರಿದ್ದಾರಾ?"

"ಇಲ್ಲ ಮೇಡಂ."

"ಯಾರಾದರೂ ಬಂದು ಹೋದ್ರಾ?"

"ಹಾಲಿನವನು ಬಿಟ್ಟರೆ ಯಾರೂ ಬರಲ್ಲ. ಅವನೂ ಬಾಗಿಲಾಚೆಯಿಂದಲೇ ಹೋಗ್ತಾನೆ."

"ನಿಮ್ಮತ್ತೆ ಆಚೆ ಓಡಾಡ್ತಾರಾ?"

"ಹೋದ ವರ್ಷ ಬಚ್ಚಲಲ್ಲಿ ಬಿದ್ದರಲ್ಲ, ಆವತ್ತಿಂದ ಹೊಸಿಲು ದಾಟಿಲ್ಲ. ಮಗ ಬಿಡಲ್ಲ."

"ಹಾಗಾದ್ರೆ ಮಗ?"

"ಅವರು ಬೆಟ್ಟದ ಊರಿಗೆ ಹೋಗಿದ್ರು, ಅಲ್ಲಿನ ಆಸ್ಪತ್ರೆ ಲಿಫ್ಟ್ ರಿಪೇರಿಗೆ. ಶೀತ ಹಚ್ಚಿಕೊಂಡು ಬಂದ್ರು. ಅದಾದ ಮೇಲೆ ಅತ್ತೆಗೆ ಜ್ವರ."

ಡಾಕ್ಟರಮ್ಮ ಪೆನ್ನಿನಿಂದ ಹಣೆ ಕೆರೆದುಕೊಂಡರು. "ಬೆಟ್ಟದಲ್ಲಿ ನೆಂಟ ಇಲ್ಲಮ್ಮ. ಅಲ್ಲಿನ ಮಾದರಿಗಳೂ ನಮಗೇ ಬರ್ತವೆ. ಇದ್ದಿದ್ರೆ ನಿನ್ನ ಕೈಲೇ ಹಾಯ್ದು ಹೋಗ್ತಿತ್ತು. ನೆಂಟ ಇರೋದು ಏರ್‌ಪೋರ್ಟಲ್ಲಿ. ಇಳಿದವರನ್ನೆಲ್ಲ ನೇರ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಅಂತ ಹೇಳಿ ಕಳಿಸ್ತಾರೆ. ಟ್ಯಾಕ್ಸಿ ಹತ್ತಿ ಹೋಗ್ತಾರೆ. ನಿಮ್ಮ ಯಜಮಾನರು ಆ ಕಡೆ ಏನಾದರೂ...?"

"ಇಲ್ಲ" ಅಂದಳು. ಅಂದ ಮೇಲೆ ತನ್ನ ದನಿ ತನಗೇ ಸರಿ ಕೇಳಿಸಲಿಲ್ಲ.

ಪಕ್ಕದ ಮೇಜಿನವಳು ಆಚೆಯಿಂದಲೇ ನಗೆಯಾಡಿದಳು. "ನೆಂಟ ಅಂದ್ರೆ ಹಾಗೇ ಕಣೇ. ಹೇಳದೆ ಕೇಳದೆ ಬರ್ತಾನೆ. ಕರೆದವರು ಯಾರು ಅಂತ ಮನೆಯವರನ್ನೇ ಕೇಳಬೇಕು."

ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು: ಏರ್‌ಪೋರ್ಟು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರೂರು ತಿರುಗುವ ಕೆಲಸ. ಮಳೆ ಶುರುವಾಗುವ ಮುಂಚೆ ಏರ್‌ಪೋರ್ಟಿನ ಚಲಿಸುವ ಮೆಟ್ಟಿಲುಗಳನ್ನು ನೋಡಿಕೊಳ್ಳುವ ಕೆಲಸ ತಾನಾಗಿ ಬಂದಿತ್ತು. ಅಲ್ಲಿನ ಒಬ್ಬ ಮೇಡಂ ಫೋನ್ ಮಾಡಿ ಮಾಡಿ ಕರೆದಿದ್ದಳು. "ಬೇಡ ಅಂದುಬಿಟ್ಟೆ. ಅಲ್ಲಿ ಹಗಲೂ ಇಲ್ಲ ರಾತ್ರಿಯೂ ಇಲ್ಲ, ಮನುಷ್ಯ ಮೆಟ್ಟಿಲ ಹಾಗೇ ಸುತ್ತುತ್ತಾ ಇರಬೇಕು" ಎಂದಿದ್ದ. ಬೇಡ ಅಂದಮೇಲೂ ಆ ಮೇಡಂ ಫೋನು ನಿಂತಿರಲಿಲ್ಲ. ಬಂದಾಗಲೆಲ್ಲ ಅವನು ಬಾಲ್ಕನಿಗೆ ಹೋಗಿ ಮಾತಾಡುತ್ತಿದ್ದ. ಇಷ್ಟು ದಿನ ಅದು ಅವಳ ಕಣ್ಣಿಗೆ ಬಿದ್ದಿತ್ತೇ ಹೊರತು ಮನಸ್ಸಿಗೆ ಬಿದ್ದಿರಲಿಲ್ಲ. ಈಗ ಬಿತ್ತು.

ಬೆಟ್ಟದ ಊರಿಗೆ ಹೋದನೆಂಬುದಕ್ಕೆ ಅವನ ಬಾಯಿಮಾತು ಬಿಟ್ಟರೆ ಇನ್ನೇನಿತ್ತು? ಅಲ್ಲಿ ಫೋನು ಸಿಕ್ಕುವುದಿಲ್ಲ ಎಂದಿದ್ದ. ಚಳಿಯೆಂದು ಹೊಸ ಜಾಕೆಟ್ಟು ಕೊಂಡುಕೊಂಡು ಬಂದಿದ್ದ. ಜಾಕೆಟ್ಟು ಏರ್‌ಪೋರ್ಟಿನಲ್ಲೂ ಸಿಗುತ್ತದೆ.

ಮನೆಯ ಬಾಗಿಲು ತೆಗೆಯುವಾಗಲೇ ಅತ್ತೆಯ ದನಿ ಮೆಟ್ಟಿಲವರೆಗೆ ಕೇಳುತ್ತಿತ್ತು. ಟಿವಿಯೊಡನೆ ಜಗಳ. ಆಕೆ ಬಸ್ ಕಂಡಕ್ಟರಾಗಿದ್ದವರು. ಇಡೀ ಜೀವಮಾನ ಊರೊಳಗಿನ ಬಸ್ಸುಗಳಲ್ಲಿ ನಿಂತೇ ಕಳೆದು, ನಿವೃತ್ತರಾದ ಮೇಲೆ ಕೂತು ಅಭ್ಯಾಸವಿಲ್ಲದೆ ಸೊಂಟ ಹಿಡಿಸಿಕೊಂಡವರು. ಜ್ವರ ಇಳಿದಿತ್ತು, ದನಿ ವಾಪಸ್ಸು ಬಂದಿತ್ತು.

"ವಿಮಾನ ಎಲ್ಲಾ ನಿಲ್ಲಿಸಿದ್ದಾರಂತೆ. ಸುಳ್ಳು ಹೇಳೋಕೂ ಒಂದು ಮುಖ ಬೇಕು" ಎಂದು ಟಿವಿಗೆ ಬೈದು, ಸೊಸೆಯ ಕಡೆ ತಿರುಗಿದರು. "ಬಂದ್ಯಾ? ನಿನ್ನ ಗಂಡ ನನಗೆ ಗಂಜಿ ಕುಡಿಸ್ತಿದ್ದಾನೆ ನೋಡು, ಹತ್ತು ಅಡಿ ದೂರದಿಂದ. ಚಮಚಕ್ಕೆ ಕೋಲು ಕಟ್ಟೋದೊಂದು ಬಾಕಿ."

ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮಾಸ್ಕು ಹಾಕಿಕೊಂಡು ಕೂತಿದ್ದ. ಬೆಟ್ಟದಿಂದ ಬಂದಂದಿನಿಂದ ಅವನ ಜಾಗ ಅದೇ. ತಾಯಿಗೆ ಜ್ವರ ಬಂದ ಮೇಲೆ ಇನ್ನೂ ಗೋಡೆಗೆ ಅಂಟಿಕೊಂಡಿದ್ದ. ಕೆಮ್ಮು ಬಂದರೆ ಬಾಲ್ಕನಿಗೆ ಓಡುತ್ತಿದ್ದ.

"ಡಾಕ್ಟರಮ್ಮ ಏನಂದ್ರು?" ಎಂದು ಕೇಳಿದ.

"ನಿಮ್ಮದೂ ಮಾದರಿ ಬೇಕಂತೆ" ಎಂದಳು. ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ.

"ನನಗೇನಾಗಿದೆ? ಬರೀ ಶೀತ."

"ಬರೀ ಶೀತ ಆದ್ರೆ ಕೊಡೋಕೇನು?"

"ಬೇಡ ಬಿಡೇ. ಮೂಗಿಗೆ ಕಡ್ಡಿ ಚುಚ್ಚಿಸಿಕೊಳ್ಳೋಕೆ ನನಗೇನು ಹುಚ್ಚಾ?"

ಅವಳು ಚೀಲ ಕೆಳಗಿಡದೆ ಅವನ ಮುಖ ನೋಡಿದಳು. ಮದುವೆಯಾಗಿ ಮಗಳು ಹಾಸ್ಟೆಲಿಗೆ ಹೋಗುವಷ್ಟು ವರ್ಷವಾಗಿತ್ತು. ಅವನು ಯಾವುದಕ್ಕಾದರೂ ಹೆದರಿದಾಗ ಕಿವಿಯ ತುದಿ ಕೆಂಪಾಗುವುದು ಅವಳಿಗೆ ಗೊತ್ತು. ಈಗ ಕೆಂಪಾಗಿತ್ತು.

"ಯಾರಿಂದ ಬಂತು ಅನ್ನೋದು ಗೊತ್ತಾಗಬೇಕಲ್ಲ" ಅಂದಳು ಮೆಲ್ಲಗೆ. "ಯಾವ ದಾರೀಲಿ ಬಂತು ಅಂತ ಈಗ ಹೇಳಬಹುದು."

ಟಿವಿಯ ದನಿ ತಟ್ಟನೆ ಕಡಿಮೆಯಾಯಿತು. ಅತ್ತೆ ರಿಮೋಟು ಹಿಡಿದು ಕೂತಿದ್ದರು. "ದಾರಿನೂ ಗೊತ್ತಾಗುತ್ತಾ?" ಎಂದರು.

"ಸುಮಾರಾಗಿ ಗೊತ್ತಾಗುತ್ತೆ ಅತ್ತೆ."

"ಕಾಲ ಕೆಟ್ಟಿದೆ ಬಿಡು. ಮೊದಲು ಮನುಷ್ಯರು ಎಲ್ಲಿಗೆ ಹೋಗಿದ್ರು ಅಂತ ನಾಯಿ ಮೂಸಿ ಹೇಳ್ತಿತ್ತು, ಈಗ ಸೊಸೆ ಹೇಳ್ತಾಳೆ" ಎಂದು, ಮಗನ ಕಡೆ ತಿರುಗಿ, "ಕೊಡೋ ಮಾರಾಯ. ಮೂಗೇನು ಸವೆದು ಹೋಗಲ್ಲ" ಎಂದರು. ದನಿಯಲ್ಲಿ ಎಂದಿನ ಜೋರಿರಲಿಲ್ಲ. ಅವಳು ಅದನ್ನು ಜ್ವರದ ನಿಶ್ಶಕ್ತಿಯ ಲೆಕ್ಕಕ್ಕೆ ಹಾಕಿದಳು.

ಅವನು ಕೊಟ್ಟ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಕೊಟ್ಟ. ಕಡ್ಡಿಯನ್ನು ನಳಿಕೆಯಲ್ಲಿ ಮುಳುಗಿಸಿ ಮುಚ್ಚಳ ತಿರುಗಿಸುವಾಗ ಅವಳಿಗೆ, ಬೇರೆ ಹೆಂಡಂದಿರು ಗಂಡನ ಫೋನು ತೆಗೆದು ನೋಡುತ್ತಾರೆ, ನಾನು ಮೂಗನ್ನೇ ನೋಡುತ್ತಿದ್ದೇನೆ ಅನ್ನಿಸಿತು. ನಗು ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಜಾಕೆಟ್ಟಿನ ಜೇಬಿಗೆ ಕೈ ಹಾಕಿದಳು. ತನ್ನ ಕೈಯೇ ತನ್ನದಲ್ಲವೆಂಬಂತೆ ಅದನ್ನು ನೋಡುತ್ತ ಹಾಕಿದಳು. ಎರಡು ಸ್ಕ್ರೂ, ಗ್ರೀಸು ಹತ್ತಿದ ಬಟ್ಟೆಯ ಚೂರು. ಇನ್ನೊಂದು ಜೇಬಿನಲ್ಲಿ ಹಸಿರು ಕಾಗದದ ಪುಟ್ಟ ಮಿಠಾಯಿ. ಕಾಗದದ ಮೇಲೆ ವಿಮಾನದ ಚಿತ್ರ, ಕೆಳಗೆ ಅವಳಿಗೆ ಓದಲು ಬಾರದ ಲಿಪಿಯಲ್ಲಿ ಏನೋ. ವಿಮಾನದೊಳಗೆ ತಟ್ಟೆಯಲ್ಲಿಟ್ಟು ಹಂಚುವಂಥದ್ದು. ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಅವಳು ಅದನ್ನು ಇದ್ದಲ್ಲೇ ಇಟ್ಟಳು. ಬಚ್ಚಲಿನಿಂದ ಅವನು ಕೆಮ್ಮುವುದು ಕೇಳುತ್ತಿತ್ತು. ಅವಳಿಗೆ ಜಗಳವಾಡುವ ಮನಸ್ಸೂ ಬರಲಿಲ್ಲ. ಆವತ್ತು ಊಟದ ಬಿಡುವಿನಲ್ಲಿ ಲ್ಯಾಬಿನ ಹಾಸ್ಟೆಲಿನ ಮೇಲ್ವಿಚಾರಕಿಯ ಹತ್ತಿರ ಹೋಗಿ, ಒಂಟಿ ಹೆಂಗಸರಿಗೆ ಕೊಡುವ ಕೋಣೆ ಯಾವುದಾದರೂ ಖಾಲಿಯಿದೆಯೇ ಎಂದು ಕೇಳಿದಳು. "ಯಾರಿಗಮ್ಮ?" ಎಂದಳು ಆಕೆ. "ಗೊತ್ತಿರೋರಿಗೆ" ಎಂದು ಉತ್ತರ ಕೊಟ್ಟಳು. ಒಂದು ಕೋಣೆಯಿತ್ತು. ಹಿತ್ತಿಲ ಕಡೆಯದು, ಬಿಸಿಲು ಬರದು. ನೋಡಿಯೂ ಬಂದಳು. ಕಬ್ಬಿಣದ ಮಂಚ, ಬಾಗಿಲಿಗೆ ಒಳಗಿನಿಂದ ಚಿಲಕ. ಆ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದಳು.

ಅವನ ಮಾದರಿ ಯಂತ್ರದೊಳಗಿದ್ದ ಅಷ್ಟು ಹೊತ್ತೂ ಅವಳು ಮನೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಇದ್ದಳು. ಅವನು ಫೋನು ಎತ್ತಿಕೊಂಡು ಬಾಲ್ಕನಿಗೆ ಹೋದರೆ ಬಟ್ಟೆ ಹರವುವ ನೆವದಲ್ಲಿ ತಾನೂ ಹೋಗುತ್ತಿದ್ದಳು. "ಬೇರಿಂಗ್ ಬದಲಾಯಿಸಿ ಮೇಡಂ, ಎಣ್ಣೆ ಹಾಕಿದ್ರೆ ಆಗಲ್ಲ" ಎಂಬಂಥ ಮಾತೇ ಕಿವಿಗೆ ಬೀಳುತ್ತಿತ್ತು. ಗುಟ್ಟು ಇಟ್ಟುಕೊಂಡವರು ಬೇರಿಂಗಿನ ವಿಷಯ ಮಾತಾಡಬಾರದೆಂದು ಎಲ್ಲಿದೆ? ಅವನು ಬಚ್ಚಲಿಗೆ ಹೋದಾಗ ನಡುಮನೆಯಲ್ಲಿ ನಿಂತು ತನ್ನ ಫೋನಿನಿಂದ ಒಂದು ಕರೆ ಮಾಡಿ ನೋಡಿದಳು. ನಿಜವಾಗಿಯೂ ಅಲ್ಲಿ ಮಾತು ತುಂಡುತುಂಡಾಗುತ್ತಿತ್ತು. ಬಾಲ್ಕನಿಯಲ್ಲಿ ಸರಿಯಾಗಿತ್ತು. ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಿಠಾಯಿ ಬಿಡಲಿಲ್ಲ.

ಫಲಿತಾಂಶ ಬಂದಾಗ ಡಾಕ್ಟರಮ್ಮನೇ ಅವಳ ಮೇಜಿಗೆ ಬಂದರು.

"ನಿಮ್ಮ ಯಜಮಾನರು ಬೆಟ್ಟದವರು ಕಣಮ್ಮ" ಎಂದು ನಕ್ಕರು. "ಅಪ್ಪಟ ಬೆಟ್ಟದವ. ಅದೇ ಆಸ್ಪತ್ರೆಯಿಂದ ಬಂದ ಮಾದರಿಗಳಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇಲ್ಲ. ಅಲ್ಲೇ ಲಿಫ್ಟಲ್ಲಿ ಯಾರೋ ಮುಖಕ್ಕೆ ಮುಖ ಕೊಟ್ಟು ಸೀನಿದ್ದಾರೆ."

ಅವಳು ಸ್ಟೂಲಿನ ಮೇಲೆ ಕೂತಳು. ಅವನು ಹೇಳಿದ್ದೆಲ್ಲ ನಿಜ. ಬೆಟ್ಟ ನಿಜ, ಆಸ್ಪತ್ರೆ ನಿಜ, ಲಿಫ್ಟು ನಿಜ. ಅವನ ಪರವಾಗಿ ಅವನ ಕೆಮ್ಮೇ ಸಾಕ್ಷಿ ಹೇಳಿತ್ತು. ಹಗುರವಾಗಬೇಕಿತ್ತು. ಮೊದಲು ಬಂದದ್ದು ಹಿತ್ತಿಲ ಕೋಣೆಯ ಚಿಲಕದ ನೆನಪು. ಮುಖ ಬಿಸಿಯಾಯಿತು.

"ಆದರೆ ಇಲ್ಲಿ ನೋಡು" ಎಂದು ಡಾಕ್ಟರಮ್ಮ ಮುಂದುವರಿಸಿದರು. "ಒಂದೇ ಮನೆ, ಇಬ್ಬರು, ಎರಡು ದಾರಿ. ಮಗ ತಂದದ್ದು ಮಗನ ಹತ್ತಿರವೇ ಉಳಿದಿದೆ, ದೂರ ಕೂತು ಒಳ್ಳೇ ಕೆಲಸ ಮಾಡಿದ್ದಾರೆ. ನಿಮ್ಮತ್ತೆಗೆ ಕೊಟ್ಟವರು ಬೇರೆ ಯಾರೋ. ನಿನ್ನದು ನಾವು ವಾರ ವಾರ ನೋಡ್ತೀವಿ, ನೀನಂತೂ ಅಲ್ಲ. ಹೊಸಿಲೇ ದಾಟದವರಿಗೆ ಏರ್‌ಪೋರ್ಟಿನದು ಹೇಗೆ ಬಂತು? ಇದು ಗೊತ್ತಾಗದೆ ಇದ್ರೆ ನಾಳೆ ಇನ್ನೆಷ್ಟು ಮನೆಗೆ ಹೋಗುತ್ತೋ."

ಅಲ್ಲಿಯವರೆಗೆ ಗಂಡನ ಸುತ್ತ ಸುತ್ತುತ್ತಿದ್ದ ಅವಳ ಅನುಮಾನ ಮೆಲ್ಲಗೆ ತಿರುಗಿ, ನಡುಮನೆಯ ಸೋಫಾದ ಮೇಲೆ ಶಾಲು ಹೊದ್ದು ಕೂತವರ ಮೇಲೆ ಹೋಗಿ ನಿಂತಿತು.

ಜ್ವರ ಏರಿದ್ದ ದಿನ ಅತ್ತೆ ಬಡಬಡಿಸಿದ್ದರು. "ರೈಟ್, ರೈಟ್" ಅಂದಿದ್ದರು, "ಮುಂದೆ ಹೋಗ್ರಪ್ಪ, ಒಳಗೆ ಬೇಕಾದಷ್ಟು ಜಾಗ ಇದೆ" ಅಂದಿದ್ದರು. ಹಳೆಯ ಕೆಲಸದ ನೆನಪು ಪಾಪ, ಎಂದು ಅವಳು ಒದ್ದೆ ಬಟ್ಟೆ ಬದಲಾಯಿಸುತ್ತ ಕೂತಿದ್ದಳು. ಈಗ ಇನ್ನೊಂದು ಮಾತು ನೆನಪಾಯಿತು. "ಟ್ರಾಲಿ ಒಳಗೆ ತರಬೇಡಿ. ಅಲ್ಲೇ ಬಿಡಿ ಅಂದ್ನಲ್ಲ." ಅತ್ತೆ ಕೆಲಸ ಮಾಡಿದ್ದು ಮಾರುಕಟ್ಟೆಯಿಂದ ಬಟ್ಟೆಗಿರಣಿಗೆ ಹೋಗುವ ಬಸ್ಸಿನಲ್ಲಿ. ಅಲ್ಲಿ ಬುಟ್ಟಿ ಬರುತ್ತಿತ್ತು, ಮೂಟೆ ಬರುತ್ತಿತ್ತು, ಒಮ್ಮೆ ಮೇಕೆಯೂ ಬಂದಿತ್ತಂತೆ. ಟ್ರಾಲಿ ಎಲ್ಲಿಂದ ಬರಬೇಕು?

ಮನೆಗೆ ಹೋದವಳು ಚಪ್ಪಲಿ ಗೂಡಿನಲ್ಲಿ ಅತ್ತೆಯ ಬೂಟನ್ನು ತಿರುಗಿಸಿ ನೋಡಿದಳು. ವರ್ಷದಿಂದ ಮನೆಯಾಚೆ ಕಾಲಿಡದವರ ಬೂಟಿನ ಹಿಮ್ಮಡಿ ಒಂದು ಕಡೆ ಹೊಸದಾಗಿ ಸವೆದಿತ್ತು. ಅವಳು ಅದನ್ನು ಇದ್ದ ಹಾಗೇ ಇಟ್ಟಳು. ಗಂಡ, "ನನ್ನ ಟೆಸ್ಟು ಬಂತಾ?" ಎಂದು ಕೇಳಿದ. "ಇನ್ನೂ ಇಲ್ಲ" ಅಂದಳು.

ಅತ್ತೆ ಪೂರ್ತಿ ಚೇತರಿಸಿಕೊಂಡರು. ಅವನೂ ಕೆಮ್ಮು ನಿಂತು ಕೆಲಸಕ್ಕೆ ಹೊರಟ. ಒಂದು ದಿನ ಅವಳು ಲ್ಯಾಬಿಗೆ ಹೋಗುವವಳಂತೆ ಹೊರಟು, ಅರ್ಧ ದಿನ ರಜೆ ಹೇಳಿ, ಮನೆಯೆದುರಿನ ಚಹಾದಂಗಡಿಯ ಒಳಬೆಂಚಿನಲ್ಲಿ ಕೂತಳು. ಕತ್ತಿಗೆ ಸುತ್ತಿದ ಶಾಲನ್ನು ತಲೆಗೆಳೆದು, ಮಾಸ್ಕು ಕಣ್ಣಿನವರೆಗೆ ಏರಿಸಿಕೊಂಡಿದ್ದಳು. ಎರಡನೆಯ ಲೋಟ ಚಹಾ ತಣ್ಣಗಾಗುವ ಹೊತ್ತಿಗೆ ಕಟ್ಟಡದ ಗೇಟು ತೆರೆಯಿತು.

ಅತ್ತೆ ಬಂದರು. ಮನೆಯಲ್ಲಿ ಗೋಡೆ ಹಿಡಿದು ನಡೆಯುವ ಅತ್ತೆ ಇಲ್ಲಿ ಏನೂ ಹಿಡಿಯಲಿಲ್ಲ. ಬೂದು ಸ್ವೆಟರು, ಕಾಲಿಗೆ ಬೂಟು, ತಲೆಗೂದಲು ನೀರು ಹಚ್ಚಿ ಒಪ್ಪವಾಗಿ ಬಾಚಿದ್ದು. ಬಸ್ ಸ್ಟಾಪು ಇನ್ನೂ ಮುಂದಿತ್ತು. ಅವರು ಅಲ್ಲಿಗೆ ಹೋಗದೆ ಗೇಟಿನ ಮುಂದೆಯೇ ನಿಂತರು. ತಿರುವಿನಲ್ಲಿ ಒಂದು ನೀಲಿ ಬಸ್ಸು ಕಾಣಿಸಿತು. ನೆತ್ತಿಯ ಮೇಲೆ ವಿಮಾನದ ಚಿತ್ರ. ಅದು ಸ್ಟಾಪಿಗೆ ಹೋಗುವ ಮೊದಲೇ ಗೇಟಿನೆದುರು ನಿಂತಿತು, ಮುಂಬಾಗಿಲು ತೆರೆಯಿತು, ಅತ್ತೆ ಕಂಬಿ ಹಿಡಿದು ಒಂದೇ ನೆಗೆತಕ್ಕೆ ಮೇಲೇರಿದರು. ಹಳೆಯ ಸಿಬ್ಬಂದಿಗೆ ಬಸ್ಸು ಎಲ್ಲಿ ಕೈ ಮಾಡಿದರೂ ನಿಲ್ಲುತ್ತದೆಂದು ಅವರೇ ಎಂದೋ ಹೇಳಿದ್ದು ಅವಳಿಗೆ ನೆನಪಾಯಿತು.

ಬಸ್ಸು ಸ್ಟಾಪಿನಲ್ಲಿ ಮತ್ತೆ ನಿಂತಾಗ ಅವಳು ಓಡಿಹೋಗಿ ಹಿಂಬಾಗಿಲಿನಿಂದ ಹತ್ತಿದಳು. ಕಡೆಯ ಸೀಟಿನಲ್ಲಿ, ಒಬ್ಬ ದಪ್ಪ ಮನುಷ್ಯನ ಮರೆಯಲ್ಲಿ ಕೂತಳು.

"ಇಷ್ಟು ದಿನ ಎಲ್ಲಿಗೆ ಹೋಗಿಬಿಟ್ರಿ ಅಕ್ಕ?" ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಕೇಳುತ್ತಿದ್ದ. "ನೀವಿಲ್ಲದೆ ನನ್ನ ಬಸ್ಸು ಸಂತೆಯಾಗಿತ್ತು."

"ರಜಾ ಹಾಕಿದ್ದೆ."

"ರಿಟೈರ್ ಆದವರಿಗೂ ರಜಾ ಉಂಟಾ?"

"ನಮಗೆ ಬಾಕಿ ಉಳಿದಿರೋ ರಜಾ ಈ ಜನ್ಮಕ್ಕೆ ಮುಗಿಯಲ್ಲಪ್ಪ. ನೀನು ರಸ್ತೆ ನೋಡು."

ಬಸ್ಸುಗಳಲ್ಲಿ ಈಗ ಕಂಡಕ್ಟರ್ ಇಲ್ಲ. ಬಾಗಿಲಲ್ಲಿ ಒಂದು ಯಂತ್ರವಿದೆ, ಕಾರ್ಡು ತೋರಿಸಿದರೆ ಕಿರ್ ಅನ್ನುತ್ತದೆ. ಊರಿನವರಿಗೆ ಅಭ್ಯಾಸವಾಗಿದೆ. ಅತ್ತೆ ಏನು ಮಾಡುತ್ತಾರೆಂಬುದು ಏರ್‌ಪೋರ್ಟು ಮುಟ್ಟಿದ ಮೇಲೆ ಅವಳಿಗೆ ತಿಳಿಯಿತು.

ಬಾಗಿಲು ತೆರೆದದ್ದೇ ಜನ ನುಗ್ಗಿದರು. ದೂರದಿಂದ ಹಾರಿ ಬಂದವರು, ನಿದ್ದೆಗೆಟ್ಟ ಕಣ್ಣಿನವರು. ಯಂತ್ರದ ಮುಂದೆ ನಿಂತು ಪಿಳಿಪಿಳಿ ನೋಡುವವರು. ಟ್ಯಾಕ್ಸಿ ಹಿಡಿಯುತ್ತಾರೆಂದು ಡಾಕ್ಟರಮ್ಮ ಅಂದುಕೊಂಡಿದ್ದವರಲ್ಲಿ ಅರ್ಧ ಜನ ಇಲ್ಲೇ ಇದ್ದರು: ಕಟ್ಟಡದ ಕೆಲಸಕ್ಕೆ ಬಂದ ಕೂಲಿಗಳು, ಒಂದೇ ಚೀಲದ ವಿದ್ಯಾರ್ಥಿಗಳು, ಕೈಗೂಸಿನ ತಾಯಂದಿರು. ಅತ್ತೆ ಬಾಗಿಲ ಕಂಬಿಗೆ ಬೆನ್ನು ಕೊಟ್ಟು ನಿಂತರು. ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡರು. ಇಲ್ಲದಿದ್ದರೆ ಆ ದನಿ ಹೊರಡುವುದು ಹೇಗೆ?

"ಟ್ರಾಲಿ ಒಳಗೆ ತರಬೇಡಿ. ಅಲ್ಲೇ ಬಿಡಿ. ಪೆಟ್ಟಿಗೆ ಎಡಕ್ಕೆ, ಮನುಷ್ಯರು ಬಲಕ್ಕೆ. ಏ ತಮ್ಮ, ಆ ಚೀಲ ಬೆನ್ನಿಂದ ಇಳಿಸು, ಹಿಂದಿನವರ ಮೂಗು ಹೋಗುತ್ತೆ."

ಭಾಷೆ ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಅವರ ಕಾರ್ಡು ತೆಗೆದುಕೊಂಡು ಯಂತ್ರಕ್ಕೆ ಮುಟ್ಟಿಸಿದರು, ಚಿಲ್ಲರೆ ಬಿದ್ದರೆ ಹೆಕ್ಕಿ ಕೊಟ್ಟರು. ಒಬ್ಬ ತಾಯಿ ಎರಡು ಪೆಟ್ಟಿಗೆ ಎಳೆಯಲಾಗದೆ ಒದ್ದಾಡುತ್ತಿದ್ದಾಗ, ಅವಳ ಸೊಂಟದಿಂದ ಮಗುವನ್ನೇ ಎತ್ತಿಕೊಂಡರು. ಮಗು ಅತ್ತೆಯ ಮುಖಕ್ಕೆ ಮುಖ ತಂದು ಸೀನಿತು. ಅತ್ತೆ ನಕ್ಕು ಸ್ವೆಟರಿನ ತೋಳಿನಿಂದ ಮೂಗು ಒರೆಸಿದರು, ಮಗುವಿನದನ್ನು ಮೊದಲು, ಆಮೇಲೆ ತಮ್ಮದನ್ನು. ಎಲ್ಲಿ ಇಳಿಯಬೇಕೆಂದು ಹೇಳಿಕೊಟ್ಟಿದ್ದಕ್ಕೆ ಒಬ್ಬ ಹುಡುಗಿ ಜೇಬಿನಿಂದ ಏನೋ ತೆಗೆದು ಕೈಗಿತ್ತಳು. ಹಸಿರು ಕಾಗದದ ಪುಟ್ಟ ಮಿಠಾಯಿ.

ಕಡೆಯ ಸೀಟಿನಲ್ಲಿ ಅವಳು ಕಣ್ಣು ಮುಚ್ಚಿ ತೆರೆದಳು. ಶಾಲೆಗೆ ಹೋಗುವಾಗ ಅಮ್ಮ ದಿನಾ ಜೇಬಲ್ಲಿ ಏನಾದರೂ ತಿಂಡಿ ಬಚ್ಚಿಡುತ್ತಿದ್ದಳು, ಹುಡುಕಿಕೊಂಡು ತಿನ್ನಬೇಕಿತ್ತು ಎಂದು ಗಂಡ ಮದುವೆಯಾದ ಹೊಸದರಲ್ಲಿ ಹೇಳಿದ್ದ. ಆ ತಾಯಿ ಆ ಚಾಳಿಯನ್ನು ಬಿಟ್ಟಿರಲಿಲ್ಲ. ಮಗ ಜೇಬಿನಲ್ಲಿ ಹುಡುಕುವುದನ್ನು ಬಿಟ್ಟಿದ್ದ, ಅಷ್ಟೆ. ಹುಡುಕಿದವಳು ಸೊಸೆ.

ಬಸ್ಸು ಊರ ಕಡೆ ಹೊರಟಿತು. ಅತ್ತೆ ಕಂಬಿಯಿಂದ ಕಂಬಿಗೆ ಕೈ ಬದಲಾಯಿಸುತ್ತ ಹಿಂದೆ ಬಂದರು. ತಿರುವಿನಲ್ಲಿ ಎಲ್ಲರೂ ವಾಲಿದರು, ಅವರೊಬ್ಬರು ವಾಲಲಿಲ್ಲ. ಕಡೆಯ ಸೀಟಿನ ಹತ್ತಿರ ನಿಂತು, ಶಾಲು ಹೊದ್ದವಳನ್ನು ಒಂದು ಕ್ಷಣ ನೋಡಿದರು.

"ಎಲ್ಲಿಗೆ?"

"ದೊಡ್ಡಾಸ್ಪತ್ರೆ" ಅಂದಳು ಮಾಸ್ಕಿನೊಳಗಿನಿಂದ, ದನಿ ಬದಲಾಯಿಸಿ.

"ಕಾರ್ಡು ತೋರಿಸಿದ್ರಾ?"

"ತೋರಿಸಿದೆ."

"ಸರಿ. ಕಿಟಕಿ ತೆಗೆದು ಕೂತ್ಕೊಳ್ಳಿ ಅಮ್ಮ, ಗಾಳಿ ಆಡಲಿ" ಎಂದು, ತಾವೇ ಬಗ್ಗಿ ಬಿಗಿಯಾಗಿದ್ದ ಗಾಜನ್ನು ಸರಿಸಿ, ಮುಂದೆ ಹೋದರು.

ಅತ್ತೆ ಅವಳನ್ನು ಎಂದೂ ಬಹುವಚನದಲ್ಲಿ ಮಾತಾಡಿಸಿದವರಲ್ಲ. ಗುರುತು ಸಿಕ್ಕಲಿಲ್ಲವೋ, ಸಿಕ್ಕಿತೋ? ದೊಡ್ಡಾಸ್ಪತ್ರೆಯ ಹತ್ತಿರ ಇಳಿದು ಲ್ಯಾಬಿನವರೆಗೆ ನಡೆಯುವಾಗಲೂ ಅದೇ ಯೋಚನೆ. ಮಧ್ಯಾಹ್ನದ ಪ್ಲೇಟು ಮಾಡುವಾಗ ಮಾತ್ರ ಆ ಯೋಚನೆಯನ್ನು ಹೊರಗಿಟ್ಟಳು.

ಸಂಜೆ ಮನೆಗೆ ಬಂದಾಗ ಅತ್ತೆ ಸೋಫಾದ ಮೇಲಿದ್ದರು. ಶಾಲು, ರಿಮೋಟು, ಸೊಂಟದ ಹಿಂದೆ ದಿಂಬು. "ಬಂದ್ಯಾ?" ಎಂದರು. "ಇವತ್ತು ಸೊಂಟ ಕಿತ್ತು ಹೋಗ್ತಿದೆ ಕಣೇ. ಕೂತು ಕೂತು."

"ಹೌದಾ ಅತ್ತೆ?"

"ಮತ್ತೆ? ನಿನ್ನ ಗಂಡ ಬಚ್ಚಲಿಗೆ ಹೋಗೋಕೂ 'ಎಲ್ಲಿಗೆ' ಅಂತಾನೆ."

ಗಂಡ ಆವತ್ತು ಬೇಗ ಬಂದಿದ್ದ. ಊಟವಾದ ಮೇಲೆ ಅವಳು ಪಾತ್ರೆ ತೊಳೆಯುವಲ್ಲಿಗೆ ಬಂದು ನಿಂತು, ಒರೆಸುವ ಬಟ್ಟೆ ಎತ್ತಿಕೊಂಡ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದ.

"ನನ್ನ ಟೆಸ್ಟು ಇಷ್ಟೊತ್ತಿಗೆ ಬಂದಿರಬೇಕಲ್ಲ" ಅಂದ. "ನೀನು ಹೇಳ್ತಿಲ್ಲ ಅಂದ್ರೆ ನನಗೆ ಅರ್ಥ ಆಗಲ್ವಾ? ಅವತ್ತು ಬೇಡ ಅಂದಿದ್ದು ಅದಕ್ಕೇ. ಅಮ್ಮನಿಗೆ ನಾನೇ ತಂದು ಹಚ್ಚಿದೆ ಅಂತ ನಿನ್ನ ಬಾಯಿಂದ ಕೇಳೋಕೆ ಧೈರ್ಯ ಇರಲಿಲ್ಲ."

ಅವಳು ನಲ್ಲಿ ನಿಲ್ಲಿಸಲಿಲ್ಲ. ಕಿವಿಯ ತುದಿ ಕೆಂಪಾಗಿದ್ದು ಇದಕ್ಕಾಗಿತ್ತು.

"ಈ ವಯಸ್ಸಲ್ಲಿ ಹೆಚ್ಚು ಕಮ್ಮಿ ಆಗಿದ್ರೆ?" ಅವನು ದನಿ ತಗ್ಗಿಸಿದ. "ಊರೂರು ಸುತ್ತೋದು ಬಿಟ್ಟುಬಿಡ್ತೀನಿ ಕಣೇ. ಮನೆ ಹತ್ತಿರದ ಕೆಲಸ ಅಷ್ಟೇ ಹಿಡೀತೀನಿ. ನಡುನಡುವೆ ಬಂದು ಅಮ್ಮನ್ನ ನೋಡ್ಕೊಂಡು ಹೋಗಬಹುದು. ಮುಂಬಾಗಿಲಿಗೂ ಹೊರಗಡೆಯಿಂದ ಇನ್ನೊಂದು ಬೀಗ ಹಾಕಿಸಿದ್ರೆ ಯಾರೂ ಒಳಗೆ ಬರಲ್ಲ. ನೀನೇನಂತೀಯ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮಿಂದಲ್ಲ. ನಿಮ್ಮದೇ ಬೇರೆ, ಅವರದೇ ಬೇರೆ. ಅಷ್ಟು ಹೇಳಿದರೆ ಈ ಮನುಷ್ಯನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಆದರೆ ಮರುಕ್ಷಣ, ಮತ್ತೆ ಯಾರಿಂದ ಅನ್ನುತ್ತಾನೆ. ಗೊತ್ತಿಲ್ಲ ಎಂದರೆ ಸುಮ್ಮನಾಗುವವನಲ್ಲ. ಕೆಟ್ಟ ಲಿಫ್ಟಿನ ಒಂದೊಂದು ತಂತಿಯನ್ನೂ ಹಿಡಿದು ನೋಡುವ ಜಾತಿಯವನು. ಚಪ್ಪಲಿ ಗೂಡಿನವರೆಗೆ ಹೋಗುವುದು ಅವನಿಗೆ ಎಷ್ಟರ ಮಾತು? ಆಮೇಲೆ ಬೀಗ ಬೀಳುತ್ತದೆ. ಕಂಬಿಯಿಂದ ಕಂಬಿಗೆ ವಾಲದೆ ನಡೆಯುವ ಹೆಂಗಸು ಮತ್ತೆ ಗೋಡೆ ಹಿಡಿಯುತ್ತಾಳೆ, ಈ ಸಲ ನಿಜವಾಗಿಯೂ.

"ಬೆಳಿಗ್ಗೆ ಹೇಳ್ತೀನಿ" ಅಂದಳು. "ಡಾಕ್ಟರಮ್ಮನ್ನ ಒಂದು ಮಾತು ಕೇಳಬೇಕು."

ನಡುಮನೆಯಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಅದನ್ನೆತ್ತಿಕೊಂಡು ಬಾಲ್ಕನಿಗೆ ಹೋದ. ಬೇರಿಂಗಿನ ಮೇಡಂ ಇರಬೇಕು. ಎಲ್ಲ ಗೊತ್ತಾದ ಮೇಲೂ ಅವಳ ಕಿವಿ ತಾನಾಗಿ ಆ ಕಡೆ ತಿರುಗಿತು. ಅದು ಇನ್ನು ತಿರುಗುತ್ತಲೇ ಇರುತ್ತದೇನೋ ಎಂದು ಅವಳಿಗೆ ಬೇಸರವಾಯಿತು.

ಕೈ ಒರೆಸಿಕೊಳ್ಳಲು ಏಪ್ರನ್ ಎತ್ತಿದಾಗ ಜೇಬಿನಲ್ಲಿ ಏನೋ ಸರಬರ ಎಂದಿತು. ಹಸಿರು ಕಾಗದ, ವಿಮಾನದ ಚಿತ್ರ. ಅವಳು ಅಡುಗೆಮನೆಯ ಬಾಗಿಲಿನಿಂದ ಇಣುಕಿದಳು. ಅತ್ತೆ ಟಿವಿ ನೋಡುತ್ತಿದ್ದರು. ಟಿವಿಗೆ ಬೈಯುತ್ತಿರಲಿಲ್ಲ. ಇತ್ತ ತಿರುಗಲೂ ಇಲ್ಲ, ಆದರೆ ಕಿವಿ ಇತ್ತಲೇ ಇತ್ತೆಂಬುದು ಅವರ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು.

ಅವಳು ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡು, ಕಾಗದವನ್ನು ಸಣ್ಣದಾಗಿ ಮಡಿಸಿ ಕಸದ ಅಡಿಗೆ ಸೇರಿಸಿದಳು. ಆಮೇಲೆ ಹೊಲಿಗೆ ಡಬ್ಬಿ ತೆಗೆದು ದೀಪದ ಕೆಳಗೆ ಕೂತಳು. ಲ್ಯಾಬಿನಿಂದ ತಂದಿದ್ದ ಒಳ್ಳೆಯ ಮಾಸ್ಕುಗಳ ಕಿವಿಪಟ್ಟಿಯನ್ನು ಕತ್ತರಿಸಿ, ತಲೆಯ ಹಿಂದೆ ಗಂಟು ಹಾಕುವಂಥ ಉದ್ದನೆಯ ಪಟ್ಟಿ ಹೊಲಿಯತೊಡಗಿದಳು. ಕೂಗುವಾಗ ಗಲ್ಲಕ್ಕೆ ಜಾರದ ಹಾಗೆ, ಎಳೆದರೂ ಇಳಿಯದ ಹಾಗೆ. ಇವನ್ನು ಅತ್ತೆಯ ಬೂಟಿನೊಳಗೆ ಇಟ್ಟರೆ ಸಾಕು, ಮಾತು ಬೇಕಾಗಿಲ್ಲ.

ಸೂಜಿ ಏರಿಸುತ್ತ ಇಳಿಸುತ್ತ ಉಳಿದದ್ದನ್ನೂ ಒಂದೊಂದಾಗಿ ಜೋಡಿಸಿಕೊಂಡಳು. ಬೆಳಿಗ್ಗೆ ಮೊದಲು ಡಾಕ್ಟರಮ್ಮನಿಗೆ, ಇಳಿದವರೆಲ್ಲ ಟ್ಯಾಕ್ಸಿ ಹತ್ತುತ್ತಾರೆಂದು ಯಾರು ಹೇಳಿದರು ಮೇಡಂ, ನೀಲಿ ಬಸ್ಸಿನವರ ಮಾದರಿಗಳನ್ನೂ ತರಿಸಿ, ಬಸ್ಸಿನ ಕಿಟಕಿ ತೆಗೆಸಿ ಎಂದು ಹೇಳಬೇಕು. ದಾರಿ ಹೇಳಿದರೆ ಸಾಕು, ಆ ದಾರಿಯಲ್ಲಿ ನಿಂತಿದ್ದವರು ಯಾರೆಂದು ಹೇಳಬೇಕಾಗಿಲ್ಲ. ಗಂಡನಿಗೆ, ನಿಮ್ಮದಲ್ಲ ಎನ್ನಬೇಕು. ಮತ್ತೆ ಯಾರದು ಎಂದು ಕೇಳಿದಾಗ, ಲ್ಯಾಬಿನಿಂದ ಬಂದಿರಬೇಕು, ನನ್ನ ಬಟ್ಟೆಗೋ ಚೀಲಕ್ಕೋ ಹತ್ತಿಕೊಂಡು, ಎನ್ನಬೇಕು. ಅವನು ಒಂದಷ್ಟು ದಿನ ತನ್ನನ್ನು ವಾರೆಗಣ್ಣಿನಿಂದ ನೋಡಬಹುದು, ಬಾಗಿಲಲ್ಲೇ ಕೈ ತೊಳೆದೆಯಾ ಎಂದು ಕೇಳಬಹುದು, ತಾಯಿಯ ಹತ್ತಿರ ಕೂತರೆ ಹುಬ್ಬು ಗಂಟಿಕ್ಕಬಹುದು. ನೋಡಲಿ. ಇಷ್ಟು ದಿನ ತಾನು ನೋಡಿರಲಿಲ್ಲವೇ.

"ಏನು ಹೊಲೀತಿದ್ದೀಯ?" ಬಾಲ್ಕನಿಯಿಂದ ಒಳಗೆ ಬಂದ ಗಂಡ ಕೇಳಿದ.

"ಪಟ್ಟಿ ಕಿತ್ತು ಬಂದಿತ್ತು" ಎಂದು, ಹಲ್ಲಿನಿಂದ ದಾರ ಕಡಿದು, ಅವಳು ಇನ್ನೊಂದನ್ನು ಕೈಗೆತ್ತಿಕೊಂಡಳು.